ಶಿಶುವಿಹಾರದಲ್ಲಿ ನೋಡತಕ್ಕದ್ದು

ಮಗುವಿಗೆ ಮೂರು ವರ್ಷ ತುಂಬಿತೆಂದರೆ ಮನೆಯಲ್ಲಿ ಅದರ ವಿದ್ಯಾಭ್ಯಾಸದ ಮಾತು ಮೊದಲಾಗುವುದು. ಯಾವ ಶಿಶುವಿಹಾರಕ್ಕೆ ಕಳುಹಿಸಬೇಕು, ಅದು ಮನೆಗೆ ಎಷ್ಟು ದೂರ, ತಿಂಗಳ ಫೀಜು ಎಷ್ಟು, ಕಟ್ಟಡ ಹೇಗಿದೆ, ಆಟದ ಸಾಮಾನುಗಳೇನುಂಟು ಎಂದು ತಾಯ್ತಂದೆಗಳು ವಿಚಾರಿಸುವರು. ಸೇರಿಸಿ ಒಂದು ತಿಂಗಳಾಗುವಷ್ಟರಲ್ಲಿ ಇನ್ನೊಂದು ಬಗೆಯ ವಿಚಾರಣೆ ತೊಡಗುವುದು: ಮಗುವಿಗೆ ಎಷ್ಟು ಅಕ್ಷರ ಬಂದಿತು, ನೂರರವರೆಗೆ ಎಣಿಸಬಲ್ಲುದೆ, ಇಂಗ್ಲಿಷ್ ಪದ್ಯವನ್ನು ನೆಂಟರ ಮುಂದೆ ಒಪ್ಪಿಸಬಲ್ಲುದೆ? ಇವೆಲ್ಲವೂ ಸಹಜವಾದ ಪ್ರಶ್ನೆಗಳೇ. ಆದರೆ ಇವುಗಳ ನಡುವೆ ಮುಖ್ಯವಾದ ಪ್ರಶ್ನೆಯೊಂದು ಉಳಿದುಹೋಗುವುದು. ಬೆಳಗಿನಿಂದ ಮಧ್ಯಾಹ್ನದವರೆಗೆ ಆ ಕೊಠಡಿಯಲ್ಲಿ ಉಪಾಧ್ಯಾಯಿನಿಗೂ ಮಗುವಿಗೂ ನಡುವೆ ಏನು ನಡೆಯುವುದು? ಆಕೆ ಏನೆಂದಳು, ಮಗು ಏನೆಂದಿತು, ಮಗು ಹೇಳಿದುದಕ್ಕೆ ಆಕೆ ಮತ್ತೇನೆಂದಳು?

ಈ ಪ್ರಶ್ನೆಯನ್ನು ಕೇಳುವವರು ವಿರಳ. ಇದನ್ನು ತಿಳಿಯುವ ಬಗೆಯೇ ಇಲ್ಲವೆಂದು ಹಲವರ ಭಾವನೆ. ಕಟ್ಟಡವನ್ನು ಅಳೆಯಬಹುದು, ಬೆಂಚುಗಳನ್ನು ಎಣಿಸಬಹುದು. ಮಾತನ್ನೂ ಮಮತೆಯನ್ನೂ ಅಳೆಯುವುದು ಹೇಗೆ? ಆದರೆ ಕಳೆದ ನೂರು ವರ್ಷಗಳಲ್ಲಿ ಅನೇಕ ದೇಶಗಳ ವಿದ್ವಾಂಸರು ಚಿಕ್ಕ ಮಕ್ಕಳ ತರಗತಿಗಳಲ್ಲಿ ಮೂಲೆಯೊಂದರಲ್ಲಿ ಸುಮ್ಮನೆ ಕುಳಿತು, ಕಂಡುದನ್ನೂ ಕೇಳಿದುದನ್ನೂ ಬರೆದಿಟ್ಟು, ಈ ವಿಷಯದಲ್ಲಿ ತಕ್ಕಮಟ್ಟಿನ ಜ್ಞಾನವನ್ನು ಸಂಪಾದಿಸಿರುವರು. ಆ ಜ್ಞಾನದ ಸಾರವನ್ನು ಗೃಹಸ್ಥರ ಮುಂದಿಡುವುದೂ, ಅದರಿಂದ ನಮ್ಮ ಮನೆಗಳಿಗೂ ಅಂಗನವಾಡಿಗಳಿಗೂ ಆಗಬಹುದಾದ ಪ್ರಯೋಜನವನ್ನು ವಿಚಾರಿಸುವುದೂ ಈ ಲೇಖನದ ಉದ್ದೇಶ.

ನೋಡುವ ಅಭ್ಯಾಸ

ಚಿಕ್ಕ ಮಕ್ಕಳಿಗಾಗಿಯೇ ಬೇರೆ ಶಾಲೆ ಇರಬೇಕೆಂಬ ವಿಚಾರವು ಬಹಳ ಹಳೆಯದಲ್ಲ. ಜರ್ಮನಿಯ ಫ್ರೋಬೆಲನು 1837ರಲ್ಲಿ ಬಾಡ್ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಅಂತಹ ಸಂಸ್ಥೆಯೊಂದನ್ನು ತೆರೆದು, 1840ರಲ್ಲಿ ಅದಕ್ಕೆ 'ಕಿಂಡರ್‌ಗಾರ್ಟನ್', ಎಂದರೆ ಮಕ್ಕಳ ತೋಟ, ಎಂಬ ಹೆಸರನ್ನಿಟ್ಟನು. ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸೊರಿಯವರು 1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ 'ಮಕ್ಕಳ ಮನೆ'ಯನ್ನು ಆರಂಭಿಸಿದರು. ಉಪಾಧ್ಯಾಯಿನಿಯು ಕಲಿಸಲು ತೊಡಗುವ ಮೊದಲು ಮಗುವನ್ನು ನೋಡಲು ಕಲಿಯಬೇಕೆಂಬುದು ಅವರ ಪದ್ಧತಿಯ ಅಡಿಗಲ್ಲು. ನಮ್ಮ ದೇಶದಲ್ಲಿ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಸ್ಥಾಪಿಸಿದರು. ಅವರೊಡನೆ ದುಡಿದ ತಾರಾಬಾಯಿ ಮೋಡಕ್ ಅವರು 1945ರಲ್ಲಿ ಮುಂಬಯಿಗೆ ಉತ್ತರದಲ್ಲಿರುವ ಬೋರ್ಡಿ ಎಂಬ ಗ್ರಾಮದಲ್ಲಿ ಬಡ ಮಕ್ಕಳಿಗಾಗಿ ಕೆಲಸಕ್ಕೆ ತೊಡಗಿದರು. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಮನೆಯಂಗಳಕ್ಕೆ ಹೋಗಲಿ ಎಂಬ ಅವರ ಕಲ್ಪನೆಯಿಂದಲೇ 'ಅಂಗನವಾಡಿ' ಎಂಬ ಮಾತು ಬಂದಿತು. ಸಂಸ್ಕೃತದ 'ಅಂಗಣ'ವೂ ಕನ್ನಡದ 'ಅಂಗಳ'ವೂ ಒಂದೇ ಎಂಬುದನ್ನು ವಾಚಕರು ಬಲ್ಲರು. ಮುಂದೆ 1975ರ ಅಕ್ಟೋಬರ್ 2ರಂದು ಭಾರತ ಸರ್ಕಾರವು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು 33 ಕಡೆಗಳಲ್ಲಿ ಆರಂಭಿಸಿದಾಗ, ಕರ್ನಾಟಕದಲ್ಲಿ ಅದರ ಮೊದಲ ನೆಲೆ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವಾಯಿತು. ಈಗ ದೇಶದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗನವಾಡಿಗಳಿರುವುವು.

ಹೀಗೆ ಶಾಲೆಗಳು ಹಬ್ಬಿದವು. ಅವುಗಳೊಳಗೆ ನಡೆಯುವ ಮಾತುಕತೆಯನ್ನು ಕೇಳಿದಂತೆಯೇ ಬರೆದಿಡುವ ಕೆಲಸವನ್ನು ಶ್ರದ್ಧೆಯಿಂದ ಮಾಡಿದವರಲ್ಲಿ ಇಂಗ್ಲೆಂಡಿನ ಸೂಸನ್ ಐಸಾಕ್ಸ್ ಅವರು ಪ್ರಮುಖರು. 1924ರಿಂದ 1927ರವರೆಗೆ ಕೇಂಬ್ರಿಜ್ ನಗರದ ಮಾಲ್ಟಿಂಗ್ ಹೌಸ್ ಎಂಬ ಚಿಕ್ಕ ಶಾಲೆಯನ್ನು ನಡೆಸಿ, ಅಲ್ಲಿಯ ಮಕ್ಕಳ ಮಾತುಗಳನ್ನು ದಿನದಿನವೂ ಬರೆಯಿಸಿ, 1930ರಲ್ಲಿಯೂ 1933ರಲ್ಲಿಯೂ ಎರಡು ದೊಡ್ಡ ಗ್ರಂಥಗಳಾಗಿ ಪ್ರಕಟಿಸಿದರು. ಅವರ ದಾಖಲೆಯಲ್ಲಿರುವ ಪ್ರಸಂಗವೊಂದನ್ನು ಸಂಗ್ರಹವಾಗಿ ಹೇಳುವೆವು. ಶಾಲೆಯ ಮೊಲವು ರಾತ್ರಿ ಸತ್ತುಹೋಗಿದ್ದಿತು. ಬೆಳಗ್ಗೆ ಅದನ್ನು ಕಂಡ ಮಗುವೊಂದು, ಹೊಟ್ಟೆ ಏರಿಳಿಯದಿರುವುದನ್ನು ನೋಡಿ ಅದು ಸತ್ತಿದೆಯೆಂದು ತಾನೇ ನಿರ್ಣಯಿಸಿತು. ಇನ್ನೊಂದು ಮಗು, ನೀರಿನಲ್ಲಿ ಹಾಕಿದರೆ ಮತ್ತೆ ಜೀವ ಬರುವುದೆಂದು ತನ್ನ ತಂದೆ ಹೇಳಿದ್ದನೆಂದಿತು. ಐಸಾಕ್ಸ್ ಅವರು ಇದನ್ನು ಅಲ್ಲಗಳೆಯಲಿಲ್ಲ, ಮಗುವನ್ನು ಗದರಲೂ ಇಲ್ಲ. ಹಾಗೆ ಮಾಡಿ ನೋಡೋಣವೆ ಎಂದು ಕೇಳಿದರು. ನೀರಿನ ತೊಟ್ಟಿಯಲ್ಲಿ ಹಾಕಿದ್ದಾಯಿತು. ಜೀವವಿದೆಯೆಂದು ಕೆಲವರು ಕೂಗಿದರು. ತೇಲಿದರೆ ಸತ್ತಿದೆ, ಮುಳುಗಿದರೆ ಬದುಕಿದೆ ಎಂದು ಮತ್ತೊಬ್ಬನು ಲಕ್ಷಣವನ್ನೇ ಹೇಳಿಬಿಟ್ಟನು. ಮೊಲವು ತೇಲಿತು. ಆಮೇಲೆ ಮಕ್ಕಳು ಅದನ್ನು ಹೂಳಿದರು. ಮರುದಿನ, ಅದು ಅಲ್ಲಿಲ್ಲ, ಆಕಾಶಕ್ಕೆ ಹೋಗಿದೆ ಎಂಬ ಮಾತು ಬಂದಾಗ, ಇದೆಯೋ ಇಲ್ಲವೋ ನೋಡೋಣವೆ ಎಂದು ಪುನಃ ಅದೇ ಬಗೆಯ ಉತ್ತರವೇ ದೊರೆಯಿತು.

ಈ ಪ್ರಸಂಗದಲ್ಲಿ ಉಪಾಧ್ಯಾಯಿನಿಯು ಆಡಿದುದು ಎರಡೇ ಮಾತು. ಸಾವೆಂದರೇನೆಂದು ಆಕೆ ಉಪನ್ಯಾಸ ಮಾಡಲಿಲ್ಲ. ಆದರೂ ಮಕ್ಕಳು ಲಕ್ಷಣವನ್ನು ಗುರುತಿಸಿದರು, ಊಹೆಯನ್ನು ಮಾಡಿದರು, ಪರೀಕ್ಷಿಸಿದರು, ಸಿದ್ಧಾಂತಕ್ಕೆ ಬಂದರು. ಮಗುವಿನ ಮಾತನ್ನು ಎತ್ತಿಕೊಂಡು ಮುಂದಕ್ಕೆ ನಡೆಸುವುದೆಂದರೆ ಇದೇ.

ಅಳೆಯುವ ಪ್ರಯತ್ನ

ಇಂತಹ ಪ್ರಸಂಗಗಳು ಓದಲು ಚೆನ್ನು. ಆದರೆ ಒಬ್ಬೊಬ್ಬರು ಒಂದೊಂದನ್ನು ಆರಿಸಿಕೊಂಡರೆ ಸಾವಿರ ತರಗತಿಗಳ ಸ್ಥಿತಿ ತಿಳಿಯದು. ಅದಕ್ಕೆ ಎಲ್ಲರೂ ಒಂದೇ ರೀತಿಯಲ್ಲಿ ನೋಡುವ ಕ್ರಮ ಬೇಕು. ಅಮೆರಿಕೆಯ ನೆಡ್ ಫ್ಲಾಂಡರ್ಸ್ ಎಂಬುವರು ದೊಡ್ಡ ಮಕ್ಕಳ ತರಗತಿಗಳಿಗಾಗಿ ಅಂತಹ ಕ್ರಮವೊಂದನ್ನು ರಚಿಸಿದರು. ಮೂರು ಸೆಕೆಂಡಿಗೊಮ್ಮೆ, ಆಗ ನಡೆಯುತ್ತಿರುವುದು ಹತ್ತು ಬಗೆಗಳಲ್ಲಿ ಯಾವುದೆಂದು ಗುರುತು ಹಾಕುತ್ತ ಹೋಗುವುದೇ ಆ ಕ್ರಮ. ಅದರಿಂದ ಅವರು ಕಂಡುದು ಇದು: ತರಗತಿಯ ಕಾಲದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಯಾರಾದರೊಬ್ಬರು ಮಾತನಾಡುತ್ತಿರುವರು, ಆ ಮಾತಿನಲ್ಲಿ ಮೂರರಲ್ಲಿ ಎರಡು ಪಾಲು ಉಪಾಧ್ಯಾಯರದು, ಅದರಲ್ಲಿಯೂ ಮೂರರಲ್ಲಿ ಎರಡು ಪಾಲು ಬೋಧನೆ, ಅಪ್ಪಣೆ, ಆಕ್ಷೇಪಣೆ. ಪಾಠಶಾಲೆಗಳಲ್ಲಿ ದೀರ್ಘಕಾಲ ಕಳೆದ ನಮಗೆ ಈ ಲೆಕ್ಕದಲ್ಲಿ ಆಶ್ಚರ್ಯವೇನೂ ತೋರಲಿಲ್ಲ.

ಮೂರರಿಂದ ಐದು ವರ್ಷದ ಮಕ್ಕಳ ತರಗತಿಗಳಿಗಾಗಿ ಈಗ ಹೆಚ್ಚಾಗಿ ಬಳಕೆಯಲ್ಲಿರುವ ಕ್ರಮಗಳಲ್ಲೊಂದನ್ನು ವರ್ಜೀನಿಯಾ ವಿಶ್ವವಿದ್ಯಾಲಯದ ರಾಬರ್ಟ್ ಪಿಯಾಂಟಾ, ಕ್ಯಾರೆನ್ ಲಾ ಪಾರೊ, ಬ್ರಿಜೆಟ್ ಹ್ಯಾಮ್ರಿ ಎಂಬ ಮೂವರು ರಚಿಸಿ 2008ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಅದನ್ನು 'ಕ್ಲಾಸ್' ಎಂದು ಕರೆಯುವರು. ಇದರಲ್ಲಿ ಗೋಡೆಯ ಬಣ್ಣವನ್ನಾಗಲಿ ಆಟದ ಸಾಮಾನಿನ ಸಂಖ್ಯೆಯನ್ನಾಗಲಿ ನೋಡುವುದಿಲ್ಲ. ನೋಡತಕ್ಕದ್ದು ಉಪಾಧ್ಯಾಯಿನಿಗೂ ಮಕ್ಕಳಿಗೂ ನಡುವೆ ನಡೆಯುವ ವ್ಯವಹಾರವನ್ನು ಮಾತ್ರ. ಅದನ್ನು ಮೂರು ಭಾಗಗಳಾಗಿ ವಿಂಗಡಿಸಿದೆ.

ಮೊದಲನೆಯದು ಮನಸ್ಸಿಗೆ ಆಸರೆ. ಕೊಠಡಿಯಲ್ಲಿ ನಗೆಯೂ ಸಲಿಗೆಯೂ ಉಂಟೆ, ಗದರಿಕೆಯೂ ಹಂಗಿಸುವುದೂ ಎಷ್ಟರಮಟ್ಟಿಗಿವೆ, ಅಳುವ ಅಥವಾ ಸುಮ್ಮನೆ ಮೂಲೆ ಹಿಡಿದ ಮಗುವನ್ನು ಆಕೆ ಗಮನಿಸುವಳೆ, ಮಗುವಿನ ಇಷ್ಟಾನಿಷ್ಟಗಳಿಗೆ ಎಡೆಯುಂಟೆ ಎಂಬ ನಾಲ್ಕು ಅಂಶಗಳು ಇದರಲ್ಲಿ ಸೇರಿವೆ. ಎರಡನೆಯದು ತರಗತಿಯ ವ್ಯವಸ್ಥೆ. ತುಂಟತನವನ್ನು ಹೇಗೆ ನಿಭಾಯಿಸುವಳು, ಸಾಲಿನಲ್ಲಿ ನಿಲ್ಲಿಸುವುದರಲ್ಲಿಯೂ ಸಾಮಾನು ಹುಡುಕುವುದರಲ್ಲಿಯೂ ಕಾಲ ಎಷ್ಟು ವ್ಯರ್ಥವಾಗುವುದು, ಮಕ್ಕಳ ಕೈಗೂ ಕಣ್ಣಿಗೂ ಕೆಲಸವುಂಟೆ ಎಂಬ ಮೂರು ಅಂಶಗಳು ಇದರವು. ಮೂರನೆಯದು ಕಲಿಕೆಗೆ ಆಸರೆ. ಏಕೆ, ಹೇಗೆ ಎಂದು ಯೋಚಿಸುವಂತೆ ಮಾಡುವಳೆ, ಮಗು ಉತ್ತರ ಕೊಟ್ಟಾಗ ಅದನ್ನು ಬೆಳೆಸುವಳೆ ಅಥವಾ 'ಭೇಷ್' ಎಂದು ಮುಂದಕ್ಕೆ ಹೋಗುವಳೆ, ಮಗುವಿನೊಡನೆ ನಿಜವಾಗಿ ಸಂಭಾಷಣೆ ನಡೆಸಿ ಹೊಸ ಮಾತುಗಳನ್ನು ಅದರ ಕಿವಿಗೆ ಹಾಕುವಳೆ ಎಂಬ ಮೂರು ಅಂಶಗಳು ಇಲ್ಲಿವೆ. ಹೀಗೆ ಒಟ್ಟು ಅಂಶಗಳು ಹತ್ತು. ಒಂದೊಂದಕ್ಕೂ 1ರಿಂದ 7ರವರೆಗೆ ಅಂಕ.

ನೋಡಬಂದವರು 20 ನಿಮಿಷ ಸುಮ್ಮನೆ ಕುಳಿತು ಟಿಪ್ಪಣಿ ಮಾಡಿಕೊಳ್ಳುವರು. ಅನಂತರ 10 ನಿಮಿಷ ಅಂಕಗಳನ್ನು ಬರೆಯುವರು. ಸಾಮಾನ್ಯವಾಗಿ ಇಂತಹ ನಾಲ್ಕು ಆವೃತ್ತಿಗಳಾಗುವುವು. ಒಬ್ಬರ ಕಣ್ಣಿಗೆ ಮೃದುವಾಗಿ ಕಂಡ ಮಾತು ಇನ್ನೊಬ್ಬರಿಗೆ ಕಟುವಾಗಿ ಕಾಣಬಹುದಷ್ಟೆ. ಆದುದರಿಂದ ನೋಡುವವರಿಗೂ ಪರೀಕ್ಷೆಯುಂಟು. ತರಗತಿಗಳ ಚಲಚ್ಚಿತ್ರಗಳನ್ನು ನೋಡಿ ಅವರು ಹಾಕಿದ ಅಂಕಗಳು, ನುರಿತವರು ಮೊದಲೇ ಹಾಕಿಟ್ಟ ಅಂಕಗಳಿಗೆ ಒಂದಕ್ಕಿಂತ ಹೆಚ್ಚು ದೂರವಾಗದಂತೆ ನೂರಕ್ಕೆ ಎಂಬತ್ತು ಸಲವಾದರೂ ಹೊಂದಿಕೊಳ್ಳಬೇಕು. ವರ್ಷಕ್ಕೊಮ್ಮೆ ಈ ಪರೀಕ್ಷೆಯನ್ನು ಮತ್ತೆ ಕೊಡಬೇಕು. ಶಾಲಾ ತನಿಖೆಯ ಹೆಸರಿನಲ್ಲಿ ಐದು ನಿಮಿಷ ನಿಂತು ರಿಜಿಸ್ಟರಿಗೆ ರುಜು ಹಾಕಿ ಹೋಗುವ ವಾಡಿಕೆಗೂ ಇದಕ್ಕೂ ಇರುವ ಅಂತರವನ್ನು ವಾಚಕರೇ ಊಹಿಸಬಹುದು.

ಕಂಡುದೇನು?

ಅಮೆರಿಕೆಯಲ್ಲಿ ಬಡ ಕುಟುಂಬಗಳ ಮಕ್ಕಳಿಗಾಗಿ 1965ರಿಂದ ನಡೆದುಬಂದಿರುವ 'ಹೆಡ್ ಸ್ಟಾರ್ಟ್' ಎಂಬ ಯೋಜನೆಯುಂಟು. ಅದರ ತರಗತಿಗಳನ್ನು ಹೀಗೆ ನೋಡಬೇಕೆಂದು 2007ರ ಶಾಸನವು ವಿಧಿಸಿತು. ದೇಶದ ಸರಾಸರಿಯನ್ನು ತೆಗೆದಾಗ ಕಂಡುದು ಹೀಗೆ: ಮನಸ್ಸಿಗೆ ಆಸರೆಯ ಅಂಕ 6ರ ಹತ್ತಿರ, ವ್ಯವಸ್ಥೆಯದು ಐದೂವರೆಯ ಆಸುಪಾಸು, ಕಲಿಕೆಗೆ ಆಸರೆಯದು ಮಾತ್ರ ಸುಮಾರು 3. ಬೇರೆ ಬೇರೆ ದೇಶಗಳಲ್ಲಿ ಇದೇ ಕ್ರಮದಿಂದ ನೋಡಿದವರಿಗೂ ಬಹುಮಟ್ಟಿಗೆ ಇದೇ ಚಿತ್ರವು ಕಂಡಿದೆ. ಮೊದಲೆರಡು ಮೇಲು, ಮೂರನೆಯದು ಕೆಳಗೆ.

ಎಂದರೆ, ಮಕ್ಕಳ ಮೇಲಿನ ಮಮತೆಗೆ ಆ ತರಗತಿಗಳಲ್ಲಿ ಕೊರತೆಯಿರಲಿಲ್ಲ, ಶಿಸ್ತಿಗೂ ಅಷ್ಟಾಗಿ ಕೊರತೆಯಿರಲಿಲ್ಲ, ಕೊರತೆಯಿದ್ದುದು ಮಾತುಕತೆಗೆ. ಉಪಾಧ್ಯಾಯಿನಿಯರು ಮಕ್ಕಳನ್ನು ಎತ್ತಿ ಆಡಿಸುವರು, ಹಾಡಿಸುವರು, ಸಾಲಾಗಿ ಕೂರಿಸುವರು, ಬಣ್ಣಗಳ ಹೆಸರನ್ನು ಹೇಳಿಸುವರು. ಆದರೆ ಮಗು ತಾನಾಗಿ ಆಡಿದ ಮಾತನ್ನು ಹಿಡಿದು ಅದರೊಡನೆ ಎರಡು ಮೂರು ಸಲ ಹೋಗಿ ಬರುವ ಸಂಭಾಷಣೆಯನ್ನು ನಡೆಸುವುದು ಅಪರೂಪ. ಮಮತೆಯಿದ್ದಲ್ಲಿ ಸಂಭಾಷಣೆ ತಾನಾಗಿಯೇ ಬರುವುದೆಂದು ನಾವೆಲ್ಲರೂ ಎಣಿಸುವುದುಂಟು. ಈ ಅವಲೋಕನಗಳು ಹಾಗಲ್ಲವೆಂದು ತೋರಿಸಿಕೊಟ್ಟವು. ಅದನ್ನು ಬೇರೆಯಾಗಿಯೇ ಅಭ್ಯಾಸ ಮಾಡಬೇಕು.

ಎರಡಕ್ಕೂ ಇರುವ ಭೇದವನ್ನು ನಮ್ಮ ಸೀಮೆಯ ಒಂದು ಕಲ್ಪಿತ ಉದಾಹರಣೆಯಿಂದ ಸ್ಪಷ್ಟಪಡಿಸಬಹುದು. ಒಂದು ಹಳ್ಳಿಯ ಅಂಗನವಾಡಿ. ಉಪಾಧ್ಯಾಯಿನಿಯು ಹಸುವಿನ ಚಿತ್ರವನ್ನು ಎತ್ತಿ ಹಿಡಿದು, "ಇದೇನು ಮಕ್ಕಳೆ?" ಎನ್ನುವಳು. "ಹಸು!" ಎಂದು ಎಲ್ಲರೂ ಕೂಗುವರು. "ಹಸು ಏನು ಕೊಡುತ್ತೆ?" "ಹಾಲು!" ಆಗ ನಾಲ್ಕು ವರ್ಷದ ಹುಡುಗನೊಬ್ಬನು ಎದ್ದು, "ಟೀಚರ್, ನಮ್ಮನೆ ಹಸ ರಾತ್ರಿ ಕರ ಹಾಕ್ತು" ಎನ್ನುವನು. "ಆಯ್ತು, ಕೂತ್ಕೊ. ಇದೇನು ಹೇಳಿ?" ಎಂದು ಆಕೆ ನಾಯಿಯ ಚಿತ್ರವನ್ನು ಎತ್ತುವಳು. ಆಕೆಯಲ್ಲಿ ಕೋಪವಿಲ್ಲ, ಮಗುವಿನ ಮೇಲೆ ಅಸಡ್ಡೆಯೂ ಇಲ್ಲ; ಮುಗಿಸಬೇಕಾದ ಚಿತ್ರಗಳು ಇನ್ನೂ ಹತ್ತಿವೆ, ಅಷ್ಟೆ.

ಅದೇ ಘಳಿಗೆಯಲ್ಲಿ ಆಕೆ ಚಿತ್ರವನ್ನು ಕೆಳಗಿಟ್ಟಳೆಂದು ಭಾವಿಸೋಣ. "ಹೌದೇನಪ್ಪ? ಕರು ಎದ್ದು ನಿಂತ್ಕೊಂಡಿತಾ?" "ಮೊದ್ಲು ಬಿದ್ದೋಯ್ತು. ಆಮೇಲೆ ನಿಂತ್ಕೊಂಡ್ತು." "ಯಾಕೆ ಬಿದ್ದೋಯ್ತು ಅಂತೀಯ?" ಹುಡುಗನು ಕ್ಷಣಕಾಲ ಸುಮ್ಮನಿರುವನು. ಆಕೆಯೂ ಸುಮ್ಮನಿರುವಳು. "ಅದರ ಕಾಲಿಗೆ ಇನ್ನೂ ಗಟ್ಟಿ ಬಂದಿರ್ಲಿಲ್ಲ." ಆಗ ಇನ್ನೊಂದು ಹುಡುಗಿ, "ನನ್ನ ತಮ್ಮಾನೂ ಬೀಳ್ತಾನೆ" ಎನ್ನುವಳು. "ನಿನ್ನ ತಮ್ಮ ನಿಂತ್ಕೊಳ್ಳೋಕೆ ಎಷ್ಟು ದಿನ ಬೇಕಾಯ್ತು? ಕರುಗೆ ಒಂದೇ ರಾತ್ರಿ ಸಾಕಾಯ್ತಲ್ಲ!" ಇಷ್ಟಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚು ಹಿಡಿಯದು. ಆದರೆ ಈ ಎರಡು ನಿಮಿಷಗಳಲ್ಲಿ ಒಬ್ಬ ಹುಡುಗನು ಕಾರ್ಯಕ್ಕೆ ಕಾರಣವನ್ನು ಹುಡುಕಿದನು, ಒಬ್ಬ ಹುಡುಗಿಯು ಎರಡು ವಸ್ತುಗಳನ್ನು ಹೋಲಿಸಿದಳು, ಉಳಿದವರು ಕೇಳಿದರು. ಮೊದಲಿನ ಪಾಠದಲ್ಲಿ ಮಕ್ಕಳು ಹೇಳಿದುದು ತಮಗೆ ಆಗಲೇ ಗೊತ್ತಿದ್ದ ಎರಡು ಪದಗಳನ್ನು ಮಾತ್ರ.

ಮೇಲಿನ ಉದಾಹರಣೆಯಲ್ಲಿ ಉಪಾಧ್ಯಾಯಿನಿಯು ಸುಮ್ಮನಿದ್ದ ಆ ಕ್ಷಣವನ್ನು ವಾಚಕರು ಗಮನಿಸಬೇಕು. ಅಮೆರಿಕೆಯ ಮೇರಿ ಬಡ್ ರೋ ಎಂಬ ವಿದುಷಿಯು ಪ್ರಾಥಮಿಕ ಶಾಲೆಗಳ ವಿಜ್ಞಾನ ಪಾಠಗಳ ಧ್ವನಿಮುದ್ರಣಗಳನ್ನು ಪರೀಕ್ಷಿಸಿ 1974ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ, ಪ್ರಶ್ನೆ ಕೇಳಿದ ಮೇಲೆ ಉಪಾಧ್ಯಾಯರು ಉತ್ತರಕ್ಕಾಗಿ ಕಾಯುವುದು ಸರಾಸರಿ ಒಂದು ಸೆಕೆಂಡು ಮಾತ್ರವೆಂದು ತೋರಿಸಿದಳು. ಅಷ್ಟರೊಳಗೆ ಉತ್ತರ ಬಾರದಿದ್ದರೆ ಪ್ರಶ್ನೆಯನ್ನು ಇನ್ನೊಬ್ಬರಿಗೆ ಹಾಕುವರು, ಇಲ್ಲವೆ ತಾವೇ ಹೇಳಿಬಿಡುವರು. ಇದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಮಕ್ಕಳ ಉತ್ತರಗಳು ಉದ್ದವಾದುವು, ನಿರುತ್ತರರಾಗುವುದು ಕಡಿಮೆಯಾಯಿತು, ಮಕ್ಕಳೇ ಪ್ರಶ್ನೆ ಕೇಳುವುದು ಹೆಚ್ಚಿತು, ಮಂದಮತಿಗಳೆಂದು ಹೆಸರಾದವರೂ ಬಾಯಿ ಬಿಟ್ಟರು. ಮೂರು ಸೆಕೆಂಡೆಂದರೆ ಒಮ್ಮೆ ನಿಧಾನವಾಗಿ ಉಸಿರೆಳೆದು ಬಿಡುವಷ್ಟು ಕಾಲ. ಇದಕ್ಕೆ ಸರ್ಕಾರದ ಮಂಜೂರಾತಿಯಾಗಲಿ ಕಾಸಿನ ಖರ್ಚಾಗಲಿ ಬೇಕಿಲ್ಲ.

ಇಂಗ್ಲೆಂಡಿನಲ್ಲಿ 1997ರಲ್ಲಿ ಆರಂಭವಾಗಿ ಸುಮಾರು 3,000 ಮಕ್ಕಳನ್ನು ಹಲವು ವರ್ಷ ಹಿಂಬಾಲಿಸಿದ ದೊಡ್ಡ ಅಧ್ಯಯನವೂ ಇದೇ ದಿಕ್ಕನ್ನು ತೋರಿಸಿತು. ಮಕ್ಕಳು ಚೆನ್ನಾಗಿ ಮುಂದುವರಿದ ಶಿಶುಶಾಲೆಗಳಲ್ಲಿ ಒಳಹೊಕ್ಕು ನೋಡಿದಾಗ, ದೊಡ್ಡವರೂ ಮಗುವೂ ಕೂಡಿ ಒಂದೇ ವಿಷಯವನ್ನು ಬಿಡದೆ ಯೋಚಿಸುವ ಸಂದರ್ಭಗಳು ಅಲ್ಲಿ ಹೆಚ್ಚಾಗಿ ಕಂಡುಬಂದುವು. ಅಂತಹ ಶಾಲೆಗಳಲ್ಲಿಯೂ ಅವು ಸದಾಕಾಲ ನಡೆಯುವ ಸಂಗತಿಯಾಗಿರಲಿಲ್ಲ. ಎಂದಮೇಲೆ ಉಳಿದ ಕಡೆಗಳ ಪಾಡೇನು?

ನಮ್ಮ ಸಂಪ್ರದಾಯವೇನು?

ಇದನ್ನು ಕೇಳಿದ ಕೆಲವರು, ಇದೆಲ್ಲ ಪಾಶ್ಚಾತ್ಯರ ಪದ್ಧತಿ, ಗುರುವು ಹೇಳುವುದು ಶಿಷ್ಯನು ಒಪ್ಪಿಸುವುದು ನಮ್ಮ ಪದ್ಧತಿ ಎನ್ನಬಹುದು. ಕಂಠಪಾಠದ ಮಹತ್ತ್ವವನ್ನು ನಾವು ಅಲ್ಲಗಳೆಯುವುದಿಲ್ಲ. ಅಮರಕೋಶವನ್ನೂ ಶಬ್ದರೂಪಗಳನ್ನೂ ಬಾಯಿಗೆ ತಂದುಕೊಂಡವರಿಗೆ ಅದರ ಉಪಕಾರ ಎಂತಹದೆಂದು ಗೊತ್ತು. ಮಕ್ಕಳಿಗೆ ಪದ್ಯ ಕಲಿಸುವುದೂ ಹಾಡಿಸುವುದೂ ಒಳ್ಳೆಯದೇ. ಆದರೆ ನಮ್ಮ ಶಾಸ್ತ್ರಗಳು ಕಂಠಪಾಠದಲ್ಲಿಯೇ ನಿಂತುವೆಂದು ಹೇಳುವುದು ಸರಿಯಲ್ಲ. ಉಪನಿಷತ್ತುಗಳಲ್ಲಿ ಒಂದಕ್ಕೆ 'ಪ್ರಶ್ನ'ವೆಂದೇ ಹೆಸರು. ಅದರಲ್ಲಿ ಆರು ಮಂದಿ ಜಿಜ್ಞಾಸುಗಳು ಪಿಪ್ಪಲಾದ ಮಹರ್ಷಿಯ ಬಳಿಗೆ ಬರುವರು. ಆತನು ಕೂಡಲೇ ಉಪದೇಶಕ್ಕೆ ತೊಡಗದೆ, ಒಂದು ವರ್ಷ ತನ್ನೊಡನೆ ಇದ್ದು ಆಮೇಲೆ ಬೇಕಾದುದನ್ನು ಕೇಳಿರೆಂದೂ, ತನಗೆ ತಿಳಿದಿದ್ದರೆ ಹೇಳುವೆನೆಂದೂ ನುಡಿಯುವನು. ಗ್ರಂಥವೆಲ್ಲವೂ ಅವರ ಆರು ಪ್ರಶ್ನೆಗಳನ್ನು ಹಿಡಿದೇ ನಡೆಯುವುದು. ಪತಂಜಲಿಯ ಮಹಾಭಾಷ್ಯವನ್ನು ಓದಿದವರಿಗೆ ತಿಳಿದಿರುವಂತೆ, ಅಲ್ಲಿ ಒಂದು ಮಾತು ಬಂದೊಡನೆ ಅದಕ್ಕೆ ಆಕ್ಷೇಪ, ಆಕ್ಷೇಪಕ್ಕೆ ಸಮಾಧಾನ, ಸಮಾಧಾನಕ್ಕೆ ಮತ್ತೆ ಆಕ್ಷೇಪ. ಪಾಠಶಾಲೆಯಲ್ಲಿ ಗುರುಶಿಷ್ಯರು ಎದುರೆದುರು ಕುಳಿತು ಮಾತನಾಡಿದಂತೆಯೇ ಇರುವುದು. ಪ್ರಶ್ನೆಯನ್ನು ಗೌರವಿಸುವುದು ನಮಗೆ ಹೊರಗಿನಿಂದ ಬಂದುದಲ್ಲ. ನಾಲ್ಕು ವರ್ಷದ ಮಗುವಿನ ಪ್ರಶ್ನೆಗೂ ಆ ಗೌರವವನ್ನು ಸಲ್ಲಿಸಬೇಕೆಂಬುದಷ್ಟೇ ನಮ್ಮ ಬಿನ್ನಹ.

ಅಳತೆಯ ಮಿತಿ

ಅಂಕಗಳನ್ನು ಕುರಿತು ಎಚ್ಚರಿಕೆಯ ಮಾತೊಂದನ್ನೂ ಹೇಳಬೇಕು. ಇಂತಹ ಅಂಕಗಳಿಗೂ ಮಕ್ಕಳ ಮುಂದಿನ ಕಲಿಕೆಗೂ ಸಂಬಂಧವುಂಟೆಂಬುದು ಅನೇಕ ಅಧ್ಯಯನಗಳಲ್ಲಿ ಕಂಡಿದೆಯಾದರೂ ಆ ಸಂಬಂಧವು ಚಿಕ್ಕದು. ಮಗುವಿನ ಮನೆ, ಆಹಾರ, ಆರೋಗ್ಯ, ತಾಯಿಯ ಬಿಡುವು ಇವೆಲ್ಲವೂ ಅದರ ಕಲಿಕೆಯಲ್ಲಿ ಪಾಲುಗೊಳ್ಳುವುವು. ಎರಡು ಗಂಟೆಯ ಅವಲೋಕನದಲ್ಲಿ ಎಲ್ಲವೂ ಸಿಕ್ಕಲಾರದು. ಇದಲ್ಲದೆ, ನೋಡುವುದು ಸಹಾಯಕ್ಕೋ ಶಿಕ್ಷೆಗೋ ಎಂಬುದರ ಮೇಲೆ ಅದರ ಫಲ ನಿಂತಿದೆ. ಹೆಡ್ ಸ್ಟಾರ್ಟ್ ಯೋಜನೆಯಲ್ಲಿ 2011ರ ನಿಯಮಗಳ ಪ್ರಕಾರ, ಅಂಕಗಳಲ್ಲಿ ಕಡೆಯ ಹತ್ತನೆಯ ಒಂದು ಪಾಲಿಗೆ ಸೇರಿದ ಸಂಸ್ಥೆಗಳು ತಮ್ಮ ಧನಸಹಾಯಕ್ಕಾಗಿ ಇತರರೊಡನೆ ಮತ್ತೆ ಸ್ಪರ್ಧಿಸಬೇಕಾಗುತ್ತಿದ್ದಿತು. ಎಲ್ಲರೂ ಸುಧಾರಿಸಿದರೂ ಯಾರಾದರೊಬ್ಬರು ಕಡೆಯಲ್ಲಿ ಇದ್ದೇ ಇರುವರಷ್ಟೆ! 2020ರಲ್ಲಿ ಈ ಅಂಶವನ್ನು ತೆಗೆದು, ನಿಶ್ಚಿತವಾದ ಕನಿಷ್ಠ ಅಂಕಗಳನ್ನು ಗೊತ್ತುಮಾಡಿದರು. ಕೆಲಸ ಹೋದೀತೆಂಬ ಭಯದಲ್ಲಿರುವ ಉಪಾಧ್ಯಾಯಿನಿಯು ನೋಡುವವರೆದುರು ನಟಿಸುವಳೇ ಹೊರತು ಕಲಿಯಲಾರಳು. ನೋಡಿದವರು ಆಕೆಯ ಪಕ್ಕದಲ್ಲಿ ಕುಳಿತು, ಈ ಹುಡುಗ ಕರುವಿನ ಮಾತು ತೆಗೆದನಲ್ಲ, ಆಗ ಏನು ಮಾಡಬಹುದಾಗಿತ್ತು ಎಂದು ಸ್ನೇಹದಿಂದ ವಿಚಾರಿಸಿದರೆ ಮಾತ್ರ ನೋಡಿದುದು ಸಾರ್ಥಕ.

ನಮ್ಮ ಅಂಗನವಾಡಿಗಳ ವಿಷಯದಲ್ಲಂತೂ ಈ ಎಚ್ಚರ ಇನ್ನೂ ಅಗತ್ಯ. ಅಲ್ಲಿ ಸಾಮಾನ್ಯವಾಗಿ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಮೂರರಿಂದ ಆರು ವರ್ಷದವರೆಗಿನ ಮಕ್ಕಳೆಲ್ಲರೂ ಒಂದೇ ಕೊಠಡಿಯಲ್ಲಿ. ಪಾಠವು ಆ ಯೋಜನೆಯ ಆರು ಸೇವೆಗಳಲ್ಲಿ ಒಂದು ಮಾತ್ರ. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳುಹಿಸುವುದು, ತಾಯಂದಿರಿಗೆ ತಿಳಿವಳಿಕೆ ಕೊಡುವುದು ಇವೂ ಆಕೆಯ ಮೂಲಕವೇ ನಡೆಯಬೇಕು. ತೂಕದ ಲೆಕ್ಕ, ಆಹಾರದ ಲೆಕ್ಕ, ಬಸುರಿ ಬಾಣಂತಿಯರ ಲೆಕ್ಕ ಎಲ್ಲವನ್ನೂ ಬರೆಯಬೇಕು. ಕರುವಿನ ಕಥೆಯನ್ನು ಕೇಳಲು ಆಕೆಗೆ ಪುರುಸೊತ್ತೆಲ್ಲಿ? ತಮಿಳುನಾಡಿನ 320 ಅಂಗನವಾಡಿಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಉತ್ತರವನ್ನು ಕೊಟ್ಟಿದೆ. ಚೀಟಿ ಎತ್ತಿದಂತೆ ಆರಿಸಿದ ಅರ್ಧದಷ್ಟು ಅಂಗನವಾಡಿಗಳಿಗೆ, ಮಕ್ಕಳ ಪಾಠಕ್ಕಾಗಿಯೇ ಅರ್ಧ ದಿನ ದುಡಿಯುವ ಇನ್ನೊಬ್ಬ ಕಾರ್ಯಕರ್ತೆಯನ್ನು ಕೊಟ್ಟರು. ಅಲ್ಲಿ ಪಾಠದ ಕಾಲವು ಇಮ್ಮಡಿಯಾಯಿತು. ಮಕ್ಕಳ ಭಾಷೆಯೂ ಲೆಕ್ಕವೂ ಸುಧಾರಿಸಿದುವು. ಮೊದಲಿನ ಕಾರ್ಯಕರ್ತೆಗೆ ಬಿಡುವು ದೊರೆತುದರಿಂದ ಅಪೌಷ್ಟಿಕತೆಯೂ ಕಡಿಮೆಯಾಯಿತು. ಆದುದರಿಂದ ಅಂಗನವಾಡಿಯನ್ನು ನೋಡಹೋದವರು ಆಕೆಯ ಮಾತನ್ನು ಮಾತ್ರವಲ್ಲ, ಆಕೆಯ ಮೇಲಿರುವ ಹೊರೆಯನ್ನೂ ನೋಡಬೇಕು.

ಹಣ ತೆತ್ತು ಕಳುಹಿಸುವ ಶಿಶುವಿಹಾರಗಳಲ್ಲಿ ಎಲ್ಲವೂ ಸರಿಯಾಗಿರುವುದೆಂದೂ ತಿಳಿಯಬೇಕಾಗಿಲ್ಲ. ಅಸ್ಸಾಂ, ರಾಜಸ್ಥಾನ, ತೆಲಂಗಾಣಗಳಲ್ಲಿ 2011ರಿಂದ 2016ರವರೆಗೆ ಸುಮಾರು 14,000 ಮಕ್ಕಳನ್ನು ಅವರ ನಾಲ್ಕನೆಯ ವಯಸ್ಸಿನಿಂದ ಎಂಟರವರೆಗೆ ಹಿಂಬಾಲಿಸಿದ ಅಧ್ಯಯನವು, ಅಂಗನವಾಡಿಗಳಲ್ಲಿ ಪಾಠವೇ ಕಡಿಮೆ, ಖಾಸಗಿ ಶಾಲೆಗಳಲ್ಲಿ ಒಂದನೆಯ ತರಗತಿಯ ಓದುಬರಹವನ್ನೇ ಎಳೆಯ ಮಕ್ಕಳ ಮೇಲೆ ಹೇರುವುದು ಹೆಚ್ಚು ಎಂದು ತೋರಿಸಿತು. ವಯಸ್ಸಿಗೆ ತಕ್ಕ ಆಟಪಾಠಗಳು ಎರಡು ಕಡೆಯೂ ವಿರಳ. ಹೀಗಾಗಿ ಐದು ವರ್ಷ ತುಂಬಿದ ಮಕ್ಕಳಲ್ಲಿ ಬಹಳ ಮಂದಿ ಶಾಲೆಯ ಪಾಠಕ್ಕೆ ಇನ್ನೂ ಅಣಿಯಾಗಿರಲಿಲ್ಲ.

ಗೃಹಸ್ಥರು ಮಾಡಬಹುದಾದುದು

ಅಂಕಗಳ ಕಾಗದವನ್ನು ಹಿಡಿದು ತಾಯ್ತಂದೆಗಳು ಶಾಲೆಗೆ ಹೋಗಬೇಕೆಂದು ನಾವು ಹೇಳುತ್ತಿಲ್ಲ. ಶಾಲೆಯವರ ಅನುಮತಿ ಪಡೆದು, ಸಾಧ್ಯವಾದರೆ ಅರ್ಧ ಗಂಟೆ ಒಂದು ಮೂಲೆಯಲ್ಲಿ ಸುಮ್ಮನೆ ಕುಳಿತರೆ ಸಾಕು. ಉಪಾಧ್ಯಾಯಿನಿಯು ಮಗುವಿನೊಡನೆ ಮಾತನಾಡುವಾಗ ಅದರ ಎತ್ತರಕ್ಕೆ ಬಗ್ಗುವಳೆ? ಮಗುವಿನ ಹೆಸರು ಆಕೆಗೆ ಗೊತ್ತೆ? ಆಕೆ ಕೇಳುವ ಪ್ರಶ್ನೆಗಳಿಗೆಲ್ಲ ಒಂದೇ ಪದದ ಉತ್ತರವೋ, ಮಗು ತನ್ನದೇ ಮಾತಿನಲ್ಲಿ ಹೇಳುವಂತಹವೂ ಉಂಟೊ? ಕೇಳಿದ ಮೇಲೆ ಕಾಯುವಳೆ? ತಪ್ಪು ಉತ್ತರ ಬಂದಾಗ ಮಗುವಿನ ಮುಖ ಬಾಡುವುದೊ, ಅಥವಾ ಇನ್ನೊಮ್ಮೆ ಯತ್ನಿಸುವುದೊ? ಮಗುವು ಮನೆಯ ಮಾತನ್ನಾಡಿದರೆ ಅದಕ್ಕೆ ಕಿವಿಯುಂಟೊ? ಸುಮ್ಮನಿರುವ ಮಗುವಿನ ಬಳಿಗೆ ಯಾರಾದರೂ ಹೋಗುವರೊ? ಗೋಡೆಯ ಚಿತ್ರಗಳಿಂದ ತಿಳಿಯದ ಸಂಗತಿ ಇವುಗಳಿಂದ ತಿಳಿಯುವುದು. ಲೋಪ ಕಂಡರೆ ಆಕೆಯನ್ನು ನಾಲ್ವರೆದುರು ಆಕ್ಷೇಪಿಸಬಾರದು. ಚೆನ್ನಾಗಿ ನಡೆದ ಒಂದು ಮಾತುಕತೆಯನ್ನು ಗುರುತಿಸಿ ಆಕೆಗೆ ತಿಳಿಸಿದರೆ ಅದರಿಂದಾಗುವ ಉಪಕಾರವು ದೊಡ್ಡದು.

ಇದೇ ಅಳತೆಯನ್ನು ಮನೆಗೂ ಹಾಕಿಕೊಳ್ಳಬೇಕು. ಸಾಯಂಕಾಲ ಮನೆಗೆ ಬಂದ ಮಗುವನ್ನು, "ಇವತ್ತು ಏನು ಕಲಿಸಿದರು? ಹೇಳು ನೋಡೋಣ" ಎಂದು ಪರೀಕ್ಷೆಗೆ ನಿಲ್ಲಿಸುವುದು ವಾಡಿಕೆ. ಮಗು ತಡವರಿಸಿದರೆ ನಾವೇ ಉತ್ತರವನ್ನೂ ಹೇಳಿಬಿಡುವೆವು. ಅದರ ಬದಲು ಅಡಿಗೆಯ ಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕುಳಿತ ತಾಯಿಯು, ಒಂದು ಕಾಯಲ್ಲಿ ಮೂರು ಕಾಳು, ಇನ್ನೊಂದರಲ್ಲಿ ನಾಲ್ಕು ಇರುವುದೇಕೆಂದು ಮಗುವನ್ನು ಕೇಳಲಿ. ಉತ್ತರ ಸರಿಯೋ ತಪ್ಪೋ, ಮಗು ಯೋಚಿಸುವಷ್ಟು ಹೊತ್ತು ಕಾಯಲಿ. ಅಜ್ಜನು ಕಥೆ ಹೇಳುತ್ತ ನಡುವೆ ನಿಲ್ಲಿಸಿ, ಮುಂದೇನಾಯಿತೆಂದು ನೀನೇ ಹೇಳು ಎನ್ನಲಿ. ಮಗುವು ತಾನಾಗಿ ತಂದ ಸುದ್ದಿಗೆ, ಅದು ಇರುವೆಯದಾಗಲಿ ಬಸ್ಸಿನದಾಗಲಿ, ಕೈಯಲ್ಲಿರುವ ಮೊಬೈಲನ್ನು ಕೆಳಗಿಟ್ಟು ತಂದೆಯು ಕಿವಿಗೊಡಲಿ.

ಮೂರರಿಂದ ಆರು ವರ್ಷದೊಳಗೆ ಮಗುವು ಲೆಕ್ಕವಿಲ್ಲದಷ್ಟು ಪ್ರಶ್ನೆಗಳನ್ನು ಕೇಳುವುದು. ಉತ್ತರ ದೊರೆಯದಿದ್ದರೆ ಕೆಲವು ಕಾಲ ಮತ್ತೆ ಮತ್ತೆ ಕೇಳುವುದು. ಆಮೇಲೆ ಕೇಳುವುದನ್ನು ಬಿಟ್ಟುಬಿಡುವುದು. ಮುಂದೆ ಹತ್ತನೆಯ ವಯಸ್ಸಿನಲ್ಲಿ ಅದೇ ಮಗುವನ್ನು, ಬಾಯಿ ಬಿಡುವುದಿಲ್ಲ, ಯೋಚಿಸುವುದಿಲ್ಲ ಎಂದು ನಾವೇ ದೂರುವೆವು. ಅಕ್ಷರಗಳನ್ನು ಒಂದು ವರ್ಷ ತಡವಾಗಿ ಕಲಿತರೂ ನಷ್ಟವಿಲ್ಲ, ಕಲಿಸಬಹುದು. ಕೇಳುವುದನ್ನು ಬಿಟ್ಟ ಮಗುವಿಗೆ ಕೇಳುವ ಧೈರ್ಯವನ್ನು ಮರಳಿ ತಂದುಕೊಡುವುದು ಅಷ್ಟು ಸುಲಭವಲ್ಲ. ಆದುದರಿಂದ ಶಿಶುವಿಹಾರವನ್ನು ಆರಿಸುವ ತಾಯ್ತಂದೆಗಳು ಮೊದಲು ನೋಡತಕ್ಕದ್ದು, ಅಲ್ಲಿ ಮಗುವಿನ ಮಾತಿಗೆ ಮರುಮಾತು ಉಂಟೆ ಎಂಬುದನ್ನು. ಉಳಿದುದನ್ನು ಆಮೇಲೆ ವಿಚಾರಿಸಬಹುದು.